ಮನೆ ಒಂದೇ, ದೆವ್ವ ನೂರು: ಹೆಸರಿನ ಮೇಲೆ ನಡೆದಿರುವ ಭಯದ ವ್ಯಾಪಾರ

ಜತ್ತ: ನಮ್ಮ ತಾಲೂಕಿನ ಗಡಿಗೆ ಹತ್ತಿದ ಒಂದು ಹಳ್ಳಿ. ಊರ ಹೆಸರು ಬೇಡ, ಯಾಕೆ ಬೇಡ ಎಂಬುದು ಕೊನೆಗೆ ತಿಳಿಯುತ್ತದೆ. ಊರ ನಡುವೆ ಒಂದು ಕಲ್ಲಿನ ಹಳೆಯ ವಾಡೆ. ದೊಡ್ಡ ಅಗಸೆ ಬಾಗಿಲು, ಒಳಗೆ ಚೌಕ, ಹಿತ್ತಲಲ್ಲಿ ಮೆಟ್ಟಿಲ ಬಾವಿ. ಮಳೆ ಇಲ್ಲ, ಬೆಳೆ ಇಲ್ಲ ಎಂದು ಅಣ್ಣ ತಮ್ಮಂದಿರ ಮಕ್ಕಳೆಲ್ಲ ಸಾಂಗಲಿ, ಪುಣೆ, ಮುಂಬಯಿ ಸೇರಿಕೊಂಡರು. ಈಗ ಅಲ್ಲಿ ಉಳಿದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು ಮಾತ್ರ.

ಎರಡು ವರ್ಷದ ಹಿಂದೆ ನಾಲ್ಕೈದು ಹುಡುಗರು ಮೋಟರ್ ಸೈಕಲ್ ಮೇಲೆ ಬಂದರು. "ಕಾಕಾ, ಎರಡು ರಾತ್ರಿ ಶೂಟಿಂಗ್ ಮಾಡ್ಕೋತೀವ್ರಿ" ಎಂದರು. ಹಿರಿಯರು ಬೇಡ ಎನ್ನಲಿಲ್ಲ. ಚಹಾ ಮಾಡಿಸಿ ಕೊಟ್ಟರು, ರೊಟ್ಟಿ ಝುಣಕ ತಿನ್ನಿಸಿದರು. ಹುಡುಗರು ಒಂದು ಮೊಬೈಲು, ಒಂದು ದೀಪ, ಒಂದು ಬಿಳಿ ಸೀರೆ ಇಟ್ಟುಕೊಂಡು ಹದಿನೈದು ನಿಮಿಷದ ಚಿತ್ರ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಆ ಚಿತ್ರಕ್ಕೆ ಕೊಟ್ಟ ಹೆಸರಿನಲ್ಲಿ "ನಾಗವಲ್ಲಿ" ಇತ್ತು, "ಸತ್ಯ ಘಟನೆ" ಎಂದೂ ಇತ್ತು.

ಮೊನ್ನೆ ಆ ಹಿರಿಯರು ನನಗೆ ಸಿಕ್ಕರು. "ಸರ, ಮಕ್ಕಳು ವಾಡೆ ಮಾರ್ರಿ ಅಂತಾವ. ಗಿರಾಕಿ ಬರತಾವ, ಹೊರಗ ನಿಂತು ಫೋಟೋ ತಗೀತಾವ, ಇದಾ ಏನ್ರಿ ಆ ನಾಗವಲ್ಲಿ ಮನಿ ಅಂತ ಕೇಳತಾವ, ಹೊಳ್ಳಿ ಹೋಗತಾವ. ನಮ್ಮ ಮನ್ಯಾಗ ನಾಗವಲ್ಲಿ ಅಂಬಾಕಿ ಯಾರೂ ಇದ್ದಿದ್ದಿಲ್ರಿ" ಎಂದರು.

ಕೇಳಿದಾಗ ನಗು ಬಂತು. ಮನೆಗೆ ಬಂದು ಯೋಚನೆ ಮಾಡಿದಾಗ ನಗು ಹೋಯಿತು. ಯಾಕೆಂದರೆ ಇದು ಒಂದು ಹಳ್ಳಿಯ, ನಾಲ್ಕು ಹುಡುಗರ ಕತೆ ಅಲ್ಲ. ಪ್ರಸಿದ್ಧವಾದ ಒಂದು "ದೆವ್ವದ ಮನೆ"ಯ ಹೆಸರು ಹಿಡಿದುಕೊಂಡು ಅಗ್ಗದ ಸಿನಿಮಾ ಮಾಡಿ ದುಡ್ಡು ಎಣಿಸುವುದು ಜಗತ್ತಿನ ತುಂಬ ನಡೆದಿರುವ ಧಂದೆ. ಆ ಧಂದೆಯಲ್ಲಿ ಲಾಭ ಯಾರಿಗೆ, ಲುಕ್ಸಾನು ಯಾರಿಗೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ.

ಅಮಿಟಿವಿಲ್ ಎಂಬ ಊರು

ಈ ಧಂದೆಯ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿ ಅಮಿಟಿವಿಲ್ ಎಂಬ ಸಣ್ಣ ಊರು. 1974ರ ನವೆಂಬರ್ 13ರಂದು ಆ ಊರಿನ ಓಷನ್ ಅವೆನ್ಯೂ ರಸ್ತೆಯ 112ನೇ ನಂಬರಿನ ಮನೆಯಲ್ಲಿ ರೊನಾಲ್ಡ್ ಡಿಫಿಯೊ ಎಂಬ 23 ವರ್ಷದ ಯುವಕ ತನ್ನ ತಂದೆ, ತಾಯಿ, ಇಬ್ಬರು ತಂಗಿಯರು, ಇಬ್ಬರು ತಮ್ಮಂದಿರನ್ನು ಬಂದೂಕಿನಿಂದ ಕೊಂದ. ಎಲ್ಲಕ್ಕಿಂತ ಕಿರಿಯ ಹುಡುಗನಿಗೆ 9 ವರ್ಷ. ಮರುವರ್ಷ ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ಅವನು ಶಿಕ್ಷೆ ಅನುಭವಿಸುತ್ತಲೇ 2021ರಲ್ಲಿ ಸತ್ತ.

ಇದು ನಡೆದ ಘಟನೆ. ಇದರಲ್ಲಿ ದೆವ್ವ ಎಲ್ಲಿಯೂ ಇಲ್ಲ. ಕೊಂದವನು ಮನುಷ್ಯ, ಸತ್ತವರು ಮನುಷ್ಯರು.

1975ರ ಡಿಸೆಂಬರಿನಲ್ಲಿ ಲುಟ್ಜ್ ಎಂಬ ಕುಟುಂಬ ಆ ಮನೆಯನ್ನು 80 ಸಾವಿರ ಡಾಲರಿಗೆ ಕೊಂಡಿತು. 28 ದಿನಕ್ಕೆ ಮನೆ ಬಿಟ್ಟು ಓಡಿತು. ಗೋಡೆಯಿಂದ ಏನೋ ಸೋರಿತು, ರಾತ್ರಿ ಏನೋ ಕಂಡಿತು ಎಂದು ಹೇಳಿತು. 1977ರಲ್ಲಿ ಜೇ ಆನ್ಸನ್ ಎಂಬ ಲೇಖಕ ಅದನ್ನು ಪುಸ್ತಕ ಮಾಡಿದ. 1979ರಲ್ಲಿ ಸಿನಿಮಾ ಬಂತು, ಆ ವರ್ಷ ಅತಿ ಹೆಚ್ಚು ಗಳಿಸಿದ ಚಿತ್ರಗಳಲ್ಲಿ ಒಂದಾಯಿತು. ಅದೇ ವರ್ಷ ಕೊಲೆಗಾರನ ವಕೀಲ ವಿಲಿಯಂ ವೆಬರ್ ಬಾಯಿ ಬಿಟ್ಟ: ಲುಟ್ಜ್ ದಂಪತಿ ಮತ್ತು ತಾನು ಕೂಡಿ ಕುಳಿತು, ವೈನ್ ಬಾಟಲಿ ಖಾಲಿ ಮಾಡುತ್ತ ಈ ಕತೆ ಹೆಣೆದೆವು ಎಂದ. ಲುಟ್ಜ್ ದಂಪತಿ ಮಾತ್ರ ತಮ್ಮದು ನಿಜವೇ ಎಂದು ಕೊನೆಯವರೆಗೆ ಹೇಳಿದರು. ಆಮೇಲೆ ಆ ಮನೆಯಲ್ಲಿ ವಾಸಿಸಿದವರಿಗೆ ಯಾವ ದೆವ್ವವೂ ಕಾಡಲಿಲ್ಲ. ಕಾಡಿದವರು ಮನೆ ನೋಡಲು ಬರುವ ಜನ! ಜನರ ಕಾಟಕ್ಕೆ ಮನೆಯ ನಂಬರ್ ಬದಲಾಯಿಸಬೇಕಾಯಿತು. ಕಣ್ಣಿನಂತೆ ಕಾಣುತ್ತಿದ್ದ ಕಿಟಕಿಗಳನ್ನು ಕಿತ್ತು ಬೇರೆ ಹಾಕಬೇಕಾಯಿತು.

ಇಲ್ಲಿಂದ ಮುಂದೆ ಸ್ವಾರಸ್ಯ ಇದೆ. ಅಮಿಟಿವಿಲ್ ಎಂಬುದು ಒಂದು ಊರಿನ ಹೆಸರು. ಊರಿನ ಹೆಸರು ಯಾರ ಅಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ತಮ್ಮ ಸಿನಿಮಾಕ್ಕೆ ಇಟ್ಟುಕೊಳ್ಳಬಹುದು. ಇಟ್ಟುಕೊಂಡರು! ಇಂದು ಆ ಹೆಸರು ಹೊತ್ತ ಚಿತ್ರಗಳ ಸಂಖ್ಯೆ 50 ದಾಟಿದೆ. ಬಹುಪಾಲು ಅತಿ ಕಡಿಮೆ ಖರ್ಚಿನವು. 2022ರಲ್ಲಿ "ಅಮಿಟಿವಿಲ್ ಇನ್ ಸ್ಪೇಸ್" ಎಂಬ ಚಿತ್ರವೂ ಬಂತು, ಅಂದರೆ ದೆವ್ವದ ಮನೆ ಆಕಾಶಕ್ಕೇ ಹಾರಿತು. ಇವುಗಳಲ್ಲಿ ಎಷ್ಟೋ ಚಿತ್ರಗಳಿಗೆ ಆ ಊರಿಗೂ ಆ ಮನೆಗೂ ಸಂಬಂಧವೇ ಇಲ್ಲ. ಇರುವುದು ಹೆಸರು ಮಾತ್ರ. ಆ ಆರು ಜನ ಸತ್ತವರ ಹೆಸರು ಹೇಳಿ ಎಂದರೆ ಆ ಚಿತ್ರಗಳನ್ನೆಲ್ಲ ನೋಡಿದವರಿಗೂ ಬರಲಿಕ್ಕಿಲ್ಲ.

ಹೆಸರಿಗೆ ಮಾಲಿಕ ಯಾರು?

ನಮ್ಮ ದೇಶದಲ್ಲಿ ಹೇಗೆ? ಕಾನೂನು ಹೆಚ್ಚು ಕಡಿಮೆ ಹಾಗೇ ಇದೆ. "ದೇಸಿ ಬಾಯ್ಸ್" ಎಂಬ ಹಿಂದಿ ಚಿತ್ರದ ಹೆಸರಿನ ಬಗ್ಗೆ ಒಬ್ಬ ಲೇಖಕರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿತು: ಬರೀ ಶೀರ್ಷಿಕೆಯ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. ಬೆಂಗಳೂರಿನ ಫಿಲ್ಮ್ ಚೇಂಬರಿನಲ್ಲಿ, ಮುಂಬಯಿಯ ನಿರ್ಮಾಪಕರ ಸಂಘಗಳಲ್ಲಿ ಹೆಸರು ನೋಂದಾಯಿಸುವ ಪದ್ಧತಿ ಇದೆ. ಅದು ಸಂಘದ ಸದಸ್ಯರ ನಡುವಿನ ಕಟ್ಟುಪಾಡು. ಮೊಬೈಲ್ ಹಿಡಿದ ಹುಡುಗನಿಗೆ ಆ ಕಟ್ಟುಪಾಡು ಎಲ್ಲಿಯದು?

ರಾಜಸ್ಥಾನದ ಅಲ್ವರ ಜಿಲ್ಲೆಯ ಭಾನಗಢ ಕೋಟೆ ನೋಡಿ. ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಪ್ರವೇಶ ಇಲ್ಲ ಎಂದು ಪುರಾತತ್ವ ಇಲಾಖೆ ಅಲ್ಲಿ ಬೋರ್ಡು ಹಾಕಿದೆ. ಬೋರ್ಡಿನಲ್ಲಿ ದೆವ್ವದ ಸುದ್ದಿಯೇ ಇಲ್ಲ. ಬಿಜಾಪುರದ ಗೋಳಗುಮ್ಮಟಕ್ಕೂ ರಾತ್ರಿ ಬೀಗ ಹಾಕುತ್ತಾರೆ, ಅಲ್ಲಿ ದೆವ್ವ ಇದೆ ಎಂದಲ್ಲ. ಆದರೆ ಭಾನಗಢದ ಆ ಬೋರ್ಡೇ "ಸರ್ಕಾರವೇ ಒಪ್ಪಿದ ದೆವ್ವ" ಎಂಬ ಪ್ರಚಾರಕ್ಕೆ ದಾರಿಯಾಯಿತು. 2014ರಲ್ಲಿ "ಟ್ರಿಪ್ ಟು ಭಾನಗಢ" ಎಂಬ ಹಿಂದಿ ಚಿತ್ರ ಬಂತು. ಹೆಸರೇ ಜಾಹೀರಾತು, ಬೇರೆ ಜಾಹೀರಾತು ಯಾಕೆ ಬೇಕು?

ಸಣ್ಣ ನಿರ್ಮಾಪಕನ ಲೆಕ್ಕ ಸರಳ. ಪ್ರೇಮ ಕತೆಗೆ ಸ್ಟಾರ್ ಬೇಕು, ಹೊಡೆದಾಟದ ಚಿತ್ರಕ್ಕೆ ದುಡ್ಡು ಬೇಕು. ದೆವ್ವದ ಚಿತ್ರಕ್ಕೆ ಒಂದು ಮನೆ ಸಾಕು. ಕತ್ತಲೆಯಲ್ಲಿ ಸೆಟ್ಟಿನ ಬಡತನ ಕಾಣುವುದಿಲ್ಲ. ದೆವ್ವದ ಪಾತ್ರಧಾರಿಗೆ ಹೆಸರಿರಬೇಕಾಗಿಲ್ಲ, ಮುಖವೂ ಸರಿಯಾಗಿ ಕಾಣುವುದಿಲ್ಲ. ಉಳಿದದ್ದು ಜನರನ್ನು ಕರೆತರುವ ಕೆಲಸ. ಅದನ್ನು ಆ ಪ್ರಸಿದ್ಧ ಹೆಸರು ಮಾಡುತ್ತದೆ. ಚಿತ್ರ ಚೆನ್ನಾಗಿಲ್ಲ ಎಂದು ಊರಿಗೆ ತಿಳಿಯುವಷ್ಟರಲ್ಲಿ ಮೊದಲ ಎರಡು ಮೂರು ದಿನದ ಗಲ್ಲಾ ತುಂಬಿರುತ್ತದೆ.

ತಂಬೂವಿನಲ್ಲಿ ಕಂಡ ಸಾಮ್ರಿ

ನನ್ನ ವಯಸ್ಸಿನವರಿಗೆ ಈ ಲೆಕ್ಕ ಕಲಿಸಿದವರು ರಾಮ್ಸೆ ಸಹೋದರರು. ಜಾತ್ರೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ತಂಬೂ ಬೀಳುತ್ತಿತ್ತು. ಒಂದು ಕಡೆ ದನಗಳ ಪೇಟೆ, ಒಂದು ಕಡೆ ಬೆಂಡು ಬತಾಸದ ಅಂಗಡಿ, ನಡುವೆ ಮೈಕಿನಲ್ಲಿ ಮರಾಠಿ ಒಮ್ಮೆ, ಕನ್ನಡ ಒಮ್ಮೆ ಕೂಗು. ಹಾಗೆ ನೆಲದ ಮೇಲೆ ಕುಳಿತು ನಾನು "ಪುರಾನಾ ಮಂದಿರ್" ನೋಡಿದೆ. ಚಿತ್ರ 1984ರದು, ನಮ್ಮ ತಂಬೂವಿಗೆ ಬರುವಾಗ ಪ್ರಿಂಟು ಗೀಚಿ ಹೋಗಿತ್ತು. ಸಾಮ್ರಿ ಎಂಬ ರಾಕ್ಷಸ ಬಂದಾಗ ಹಿಂದೆ ಕುಳಿತ ಹೆಣ್ಣುಮಕ್ಕಳು "ಯವ್ವಾ" ಎಂದು ಚೀರಿದ್ದು ಇನ್ನೂ ಕಿವಿಯಲ್ಲಿದೆ. ರಾತ್ರಿ ಹೊಲದ ದಾರಿಯಲ್ಲಿ ಮನೆಗೆ ಬರುವಾಗ ನಾವು ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡೇ ಬಂದೆವು.

ಈ ರಾಮ್ಸೆಯವರ ಕತೆಯೂ ಕೇಳುವಂಥದ್ದು. ತಂದೆ ಎಫ್.ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು, ದೇಶ ವಿಭಜನೆಯ ನಂತರ ಮುಂಬಯಿಗೆ ಬಂದವರು. 1970ರಲ್ಲಿ ಅವರು ಮಾಡಿದ "ಏಕ್ ನನ್ಹೀ ಮುನ್ನೀ ಲಡಕೀ ಥೀ" ಚಿತ್ರ ಬಿದ್ದು ಹೋಯಿತು. ಆದರೆ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿಕೊಂಡು ಬರುವ ಒಂದು ದೃಶ್ಯಕ್ಕೆ ಮಾತ್ರ ಜನ ಥಿಯೇಟರಿನಲ್ಲಿ ಮೈ ನಡುಗಿಸಿಕೊಂಡು ಕೂಗುತ್ತಿದ್ದುದನ್ನು ಮಕ್ಕಳು ಗಮನಿಸಿದರು. ಹಾಗಾದರೆ ಇಡೀ ಚಿತ್ರವನ್ನೇ ಭಯದ ಮೇಲೆ ಮಾಡಿದರೆ? ಏಳು ಜನ ಅಣ್ಣ ತಮ್ಮಂದಿರು ಕೆಲಸ ಹಂಚಿಕೊಂಡರು. ಒಬ್ಬರು ಕತೆ, ಒಬ್ಬರು ಕ್ಯಾಮರಾ, ಒಬ್ಬರು ಧ್ವನಿ, ಒಬ್ಬರು ಸಂಕಲನ, ತುಳಸಿ ಮತ್ತು ಶ್ಯಾಮ್ ನಿರ್ದೇಶನ. ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಮಹಾಬಳೇಶ್ವರಕ್ಕೆ ಮನೆ ಮಂದಿ, ಕಲಾವಿದರು ಎಲ್ಲ ಬಸ್ಸಿನಲ್ಲಿ ಹೋಗಿ, ಸುಮಾರು 40 ದಿನದಲ್ಲಿ ಮೂರೂವರೆ ಲಕ್ಷ ರೂಪಾಯಿಯಲ್ಲಿ "ದೋ ಗಜ್ ಜಮೀನ್ ಕೆ ನೀಚೆ" ಮುಗಿಸಿದರು. 1972ರಲ್ಲಿ ಬಿಡುಗಡೆಯಾಗಿ ಅದು ಗೆದ್ದಿತು.

"ಪುರಾನಾ ಮಂದಿರ್" ಗೆದ್ದ ಮರುವರ್ಷವೇ, ಅಂದರೆ 1985ರಲ್ಲಿ, "ಸಾಮ್ರಿ" ಎಂಬ ಹೆಸರಿನ 3ಡಿ ಚಿತ್ರ ಬಂತು. ಅದೇ ನಟ ಅನಿರುದ್ಧ ಅಗರ್ವಾಲ್, ಹೆಸರೂ ಅದೇ, ಕತೆ ಬೇರೆ. ಆಮೇಲೆ ಬಂದವುಗಳ ಹೆಸರು ನೋಡಿ: ತಹಖಾನಾ, ಡಾಕ್ ಬಂಗಲಾ, ಪುರಾನಿ ಹವೇಲಿ, ಬಂದ್ ದರ್ವಾಜಾ. ಮೋಹನ ಭಾಕ್ರಿ ಎಂಬವರು "ಖೂನಿ ಮಹಲ್" ಮಾಡಿದರು. ಎಲ್ಲವೂ ಮನೆಯ ಹೆಸರೇ! 1993ರಲ್ಲಿ ಶುರುವಾದ "ಝೀ ಹಾರರ್ ಶೋ" ದೆವ್ವವನ್ನು ಮನೆಯ ಟೀವಿಯೊಳಗೇ ತಂದಿತು.

ರಾಮ್ಸೆಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಸಾಮ್ರಿ ಎಂಬುದು ಅವರೇ ಕಟ್ಟಿದ ಹೆಸರು, ಅವರೇ ಮಾರಿದರು. ಯಾರ ಮನೆಯ ನಿಜವಾದ ಸಾವನ್ನೂ ಮಾರಲಿಲ್ಲ, ಇದು ಸತ್ಯ ಘಟನೆ ಎಂದು ನಮ್ಮನ್ನು ನಂಬಿಸಲಿಲ್ಲ. ತಂಬೂವಿನಿಂದ ಹೊರಗೆ ಬಂದರೆ ದೆವ್ವ ತಂಬೂವಿನಲ್ಲೇ ಉಳಿಯುತ್ತಿತ್ತು. ಹೊಲದ ದಾರಿ ಮುಗಿಯುವ ತನಕ ಹೆದರಿಕೆ, ಬೆಳಿಗ್ಗೆ ನಗು. ಅಷ್ಟೇ.

ನಾಗವಲ್ಲಿ ದೆವ್ವವಾದದ್ದು ಹೇಗೆ?

ಕನ್ನಡದಲ್ಲಿ ಅಂಥ ಹೆಸರು ಎಂದರೆ ನಾಗವಲ್ಲಿ. ಇಲ್ಲಿ ಒಂದು ವಿಚಿತ್ರ ನಡೆದಿದೆ, ಓದುಗರು ಸ್ವಲ್ಪ ಗಮನ ಕೊಡಬೇಕು.

ಮೂಲ ಚಿತ್ರ ಮಲಯಾಳದ "ಮಣಿಚಿತ್ರತಾಳ್", 1993ರದು. ಫಾಜಿಲ್ ನಿರ್ದೇಶಕರು, ಮಧು ಮುಟ್ಟಂ ಕತೆಗಾರರು. ಕೇರಳದ ಆಲುಮ್ಮೂಟಿಲ್ ಎಂಬ ಹಳೆಯ ಮನೆತನದ ಮನೆಯಲ್ಲಿ ಹಿಂದೆ ನಡೆದ ಕೊಲೆಯ ಸುದ್ದಿ ಆ ಕತೆಗೆ ಬೀಜ ಎನ್ನುತ್ತಾರೆ. ಚಿತ್ರದಲ್ಲಿ ಮುಚ್ಚಿದ ಕೋಣೆ ಇದೆ, ಗೆಜ್ಜೆಯ ಸಪ್ಪಳ ಇದೆ, ಸತ್ತ ನರ್ತಕಿಯ ಕತೆ ಇದೆ. ಆದರೆ ದೆವ್ವ ಇಲ್ಲ! ಗಂಗಾ ಎಂಬ ಹೆಣ್ಣುಮಗಳಿಗೆ ಮನಸ್ಸಿನ ಕಾಯಿಲೆ. ಒಬ್ಬ ಮನೋವೈದ್ಯ ಬಂದು ಅದನ್ನು ಗುರುತಿಸಿ ಗುಣ ಮಾಡುತ್ತಾನೆ. ಗಂಗಾ ಪಾತ್ರ ಮಾಡಿದ ಶೋಭನಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

ಅದೇ ಕತೆ 2004ರ ಆಗಸ್ಟಿನಲ್ಲಿ ಕನ್ನಡದಲ್ಲಿ "ಆಪ್ತಮಿತ್ರ" ಆಗಿ ಬಂತು. ದ್ವಾರಕೀಶ್ ನಿರ್ಮಾಪಕರು, ಪಿ. ವಾಸು ನಿರ್ದೇಶಕರು, ವಿಷ್ಣುವರ್ಧನ್ ವೈದ್ಯರು, ಸೌಂದರ್ಯ ಗಂಗಾ. ನಮ್ಮ ಕಡೆಯಿಂದ ಬಿಜಾಪುರಕ್ಕೆ ಬಸ್ ಹಿಡಿದು ಹೋಗಿ ನೋಡಿ ಬಂದವರಿದ್ದಾರೆ. ಮುಂದೆ ತಮಿಳಿನ "ಚಂದ್ರಮುಖಿ" 2005ರಲ್ಲಿ, ಹಿಂದಿಯ "ಭೂಲ್ ಭುಲೈಯಾ" 2007ರಲ್ಲಿ. ನಮ್ಮ ಮನೆಗಳಲ್ಲಿ ಅವ್ವ ಕನ್ನಡದ್ದನ್ನೂ, ಮಕ್ಕಳು ಹಿಂದಿಯದನ್ನೂ ನೋಡಿದರು. ಇಬ್ಬರೂ ನೋಡಿದ್ದು ಒಂದೇ ಮಾತು: ಇದು ದೆವ್ವ ಅಲ್ಲ, ರೋಗ. ಮಂತ್ರವಾದಿ ಬೇಡ, ಡಾಕ್ಟರ್ ಬೇಕು.

ಆದರೆ ಆಮೇಲೆ ಏನಾಯಿತು? ಡಾಕ್ಟರು ಮರೆತು ಹೋದರು, ನಾಗವಲ್ಲಿ ಉಳಿದಳು. 2010ರಲ್ಲಿ "ಆಪ್ತರಕ್ಷಕ" ಬಂತು, ವಿಷ್ಣುವರ್ಧನ್ ಅವರ 200ನೇ ಚಿತ್ರ. ತೆಲುಗಿನಲ್ಲಿ "ನಾಗವಲ್ಲಿ" ಎಂಬ ಹೆಸರಿನಲ್ಲೇ ಚಿತ್ರ ಬಂತು. ಕನ್ನಡದಲ್ಲಿ "ನಾಗವಲ್ಲಿ ವರ್ಸಸ್ ಆಪ್ತಮಿತ್ರರು" ಎಂದು ಎರಡೂ ಹೆಸರು ಕೂಡಿಸಿದ ಒಂದು ಸಣ್ಣ ಚಿತ್ರವೂ ಬಂತು. ಹಿಂದಿಯಲ್ಲಿ 2022ರ "ಭೂಲ್ ಭುಲೈಯಾ 2" ಬರುವಾಗ ಮೊದಲ ಚಿತ್ರದಲ್ಲಿ ಇಲ್ಲದ ದೆವ್ವ ನಿಜವಾಗಿಯೇ ಬಂದು ಕುಳಿತಿತ್ತು. ಮೊದಲ ಚಿತ್ರ ಯಾವುದನ್ನು ಸುಳ್ಳು ಎಂದು ತೋರಿಸಿತೋ, ಅದೇ ಸುಳ್ಳು ಅದರ ಹೆಸರಿನಲ್ಲೇ ಮಾರಾಟವಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ನಾಗವಲ್ಲಿ ಶಾಪ" ಎಂಬ ಸುದ್ದಿ ಹಬ್ಬಿತು. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಹತ್ತಿರ ಸಣ್ಣ ವಿಮಾನ ಬಿದ್ದು ತೀರಿಕೊಂಡರು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎರಡು ಸಾವಿಗೂ ಕಾರಣ ಎದುರಿಗಿದೆ. ಆದರೂ ಒಂದು ಸಿನಿಮಾ ಪಾತ್ರದ ಮೇಲೆ ಅದನ್ನು ಹೊರಿಸಿದರು. ಚುನಾವಣೆ ಪ್ರಚಾರಕ್ಕೆ ಹೊರಟಿದ್ದ ಒಬ್ಬ ಹೆಣ್ಣುಮಗಳ ವಿಮಾನ ಯಾಕೆ ಬಿತ್ತು ಎಂಬ ಪ್ರಶ್ನೆ ಸಣ್ಣದಾಯಿತು, ದೆವ್ವ ದೊಡ್ಡದಾಯಿತು.

ದೆವ್ವ ಬಂದರೆ ಅಪರಾಧ ಮಾಯ

ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಇದು ಒಂದೇ. ದೆವ್ವದ ಹೆಸರು ಬಂದ ಕಡೆ ಮನುಷ್ಯನ ಅಪರಾಧ ಮರೆಯಾಗುತ್ತದೆ. ನಮ್ಮ ಸುತ್ತಮುತ್ತಲೇ ನೋಡಿ.

ಬಿಜಾಪುರದ ಹೊರಗೆ ಸಾಠ ಕಬರ ಎಂಬ ಜಾಗ ಇದೆ. ಒಂದೇ ತರಹದ ಕರಿ ಕಲ್ಲಿನ ಗೋರಿಗಳು, ಸಾಲು ಸಾಲು. 1659ರಲ್ಲಿ ಶಿವಾಜಿ ಮಹಾರಾಜರ ಮೇಲೆ ದಂಡೆತ್ತಿ ಹೋಗುವ ಮೊದಲು ಅಫಜಲಖಾನ ತಾನು ಸತ್ತರೆ ಹೆಂಡಂದಿರು ಬೇರೆಯವರ ಪಾಲಾಗಬಾರದು ಎಂದು ಅವರನ್ನೆಲ್ಲ ಕೊಂದ ಎಂಬುದು ಜನರ ಬಾಯಲ್ಲಿರುವ ಕತೆ. ಕತೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಐತಿಹ್ಯ ಎಂದು ಪಂಡಿತರು ಹೇಳಲಿ. ಆದರೆ ಆ ಕತೆ ಕೇಳಿದವರು ಏನು ಯೋಚಿಸಬೇಕಿತ್ತು? ಅಷ್ಟು ಹೆಣ್ಣುಮಕ್ಕಳ ಜೀವಕ್ಕೆ ಬೆಲೆಯೇ ಇರಲಿಲ್ಲವೇ ಎಂದು. ಬದಲಿಗೆ ನಮ್ಮ ಹುಡುಗರು ರಾತ್ರಿ ಮೊಬೈಲ್ ಹಿಡಿದು "ಗೆಜ್ಜೆ ಸಪ್ಪಳ ಕೇಳಿಸ್ತದೇನು" ಎಂದು ಹುಡುಕುತ್ತಾರೆ.

ಇನ್ನು ಮ್ಹೈಸಾಳ. ಜತ್ತದವರಿಗೆ ಮ್ಹೈಸಾಳ ಎಂದರೆ ನೀರಿನ ಹೆಸರು. ಕೃಷ್ಣೆಯ ನೀರು ನಮ್ಮ ಹೊಲಕ್ಕೆ ಎಂದು ಬಂದೀತು ಎಂದು ಎಷ್ಟು ವರ್ಷ ಬಾಯಿ ತುಂಬ ಹೇಳಿದ ಹೆಸರು. 2022ರ ಜೂನ್ 20ರಂದು ಆ ಊರಿನ ಹೆಸರು ಬೇರೆ ಕಾರಣಕ್ಕೆ ದೇಶದ ತುಂಬ ಕೇಳಿಸಿತು. ಇಬ್ಬರು ಅಣ್ಣ ತಮ್ಮಂದಿರ ಕುಟುಂಬದ ಒಂಬತ್ತು ಜನ ಎರಡು ಮನೆಗಳಲ್ಲಿ ಸತ್ತು ಬಿದ್ದಿದ್ದರು. ಒಬ್ಬರು ಪಶುವೈದ್ಯರು, ಒಬ್ಬರು ಶಿಕ್ಷಕರು, ಓದಿದ ಮನೆ. ಮೊದಲು ಸಾಲದ ಬಾಧೆ, ಆತ್ಮಹತ್ಯೆ ಎಂದರು. ವಾರದೊಳಗೆ ಪೊಲೀಸರು ಬೇರೆ ಮಾತು ಹೇಳಿದರು: ಗುಪ್ತಧನ ತೆಗೆದು ಕೊಡುತ್ತೇನೆ ಎಂದು ದುಡ್ಡು ತೆಗೆದುಕೊಂಡಿದ್ದ ಸೋಲಾಪುರದ ಒಬ್ಬ ಮಾಂತ್ರಿಕ, ದುಡ್ಡು ತಿರುಗಿ ಕೇಳಿದಾಗ ವಿಷ ಕೊಟ್ಟು ಕೊಂದ ಎಂಬುದು ಅವರ ಆರೋಪ. ಅವನನ್ನೂ ಅವನ ಜೊತೆಗಿದ್ದ ಚಾಲಕನನ್ನೂ ಬಂಧಿಸಿದರು.

ಈಗ ಅಮಿಟಿವಿಲ್ ನೆನಪು ಮಾಡಿಕೊಳ್ಳಿ. ಅಲ್ಲಿ ಒಂದು ಮನೆ, ಆರು ಜನ. ಇಲ್ಲಿ ಎರಡು ಮನೆ, ಒಂಬತ್ತು ಜನ. ನಾಳೆ ಯಾರಾದರೂ ಮ್ಹೈಸಾಳದ ಹೆಸರು ಹಿಡಿದು "ಸತ್ಯ ಘಟನೆ" ಎಂದು ಬಿಳಿ ಸೀರೆಯ ಚಿತ್ರ ಮಾಡಿದರೆ? ಹತ್ತು ವರ್ಷದ ಮೇಲೆ ನಮ್ಮ ಮೊಮ್ಮಕ್ಕಳು ಆ ಮನೆಯಲ್ಲಿ ದೆವ್ವ ಇದೆ ಎಂದು ಹೇಳುತ್ತಾರೆಯೇ ಹೊರತು, ಗುಪ್ತಧನದ ಆಸೆ ತೋರಿಸುವವನನ್ನು ಹೊಸ್ತಿಲು ದಾಟಿಸಬಾರದು ಎಂಬ ಪಾಠ ನೆನಪಿಡುವುದಿಲ್ಲ. ಮಾಂತ್ರಿಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ದೆವ್ವದ ಭಯವೇ ಅವನ ಬಂಡವಾಳ.

ದೆಹಲಿಯ ಬುರಾಡಿಯಲ್ಲಿ 2018ರಲ್ಲಿ ಒಂದೇ ಮನೆಯ 11 ಜನ ಸತ್ತರು. ಅದಕ್ಕೂ ಜನ ಭೂತದ ಮನೆ ಎಂದರು. ಮುಂದೆ ಅದೇ ಮನೆ ಬಾಡಿಗೆ ಹಿಡಿದು ಒಬ್ಬ ವೈದ್ಯರು ರಕ್ತ ತಪಾಸಣೆಯ ಲ್ಯಾಬ್ ತೆರೆದರು. ದೆವ್ವದ ಹೆಸರು ಅಳಿಸಲು ಇದಕ್ಕಿಂತ ಒಳ್ಳೆಯ ಮಂತ್ರ ನನಗೆ ಕಂಡಿಲ್ಲ.

ಕಾನೂನು ಎರಡೂ ಕಡೆ ಇದೆ

ಗಡಿಯ ಜನರಾದ ನಮಗೆ ದೆವ್ವಗಳೂ ಎರಡು ಭಾಷೆಯವು. ಹಡಳ, ಮುಂಜಾ ಮರಾಠಿಯಿಂದ ಬಂದವು, ಪೀಡೆ, ಗಾಳಿ ಕನ್ನಡದ್ದು. ಆದರೆ ಕಾನೂನು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಎಂಬುದು ಎಷ್ಟು ಜನರಿಗೆ ಗೊತ್ತು?

ಸಾತಾರಾದ ಡಾ. ನರೇಂದ್ರ ದಾಭೋಳಕರ ಅವರು ವರ್ಷಗಟ್ಟಲೆ ಕೇಳಿದ ಕಾನೂನು ಅವರು ಬದುಕಿರುವಾಗ ಬರಲಿಲ್ಲ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದಾದ ಕೆಲವೇ ದಿನದಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಜಾದೂಟೋಣಾ ವಿರೋಧಿ ಕಾನೂನು. ದೆವ್ವ ಬಿಡಿಸುತ್ತೇನೆ ಎಂದು ಹಗ್ಗ, ಸರಪಳಿಯಿಂದ ಕಟ್ಟಿ ಹೊಡೆಯುವುದು, ಭೂತದ ಭಯ ಹುಟ್ಟಿಸಿ ದವಾಖಾನೆಗೆ ಹೋಗದಂತೆ ತಡೆಯುವುದು, ಇವೆಲ್ಲ ಅಪರಾಧ. ಶಿಕ್ಷೆ ಆರು ತಿಂಗಳಿಂದ ಏಳು ವರ್ಷ, ದಂಡ 5 ಸಾವಿರದಿಂದ 50 ಸಾವಿರ ರೂಪಾಯಿ. ಕರ್ನಾಟಕದಲ್ಲಿ 2017ರಲ್ಲಿ ಇಂಥದೇ ಕಾನೂನು ಅಂಗೀಕಾರವಾಗಿ 2020ರ ಜನವರಿಯಿಂದ ಜಾರಿಗೆ ಬಂತು. ಅಂದರೆ ಈ ಕಡೆ ಸಿಕ್ಕಿ ಬಿದ್ದ ಮಾಂತ್ರಿಕ ಗಡಿ ದಾಟಿ ಆ ಕಡೆ ಅಂಗಡಿ ಹಾಕುವ ಹಾಗಿಲ್ಲ.

ಈ ಕಾನೂನು ದೆವ್ವದ ಸಿನಿಮಾಕ್ಕೆ ಅಡ್ಡ ಬರುವಂಥದ್ದಲ್ಲ, ಬರಬಾರದು ಕೂಡ. ದೆವ್ವದ ಕತೆ ಹೇಳುವುದು ತಪ್ಪಲ್ಲ. ನಮ್ಮ ಅಜ್ಜಿಯಂದಿರು ಹೇಳಿದರು, ನಾವು ಕೇಳಿ ಬೆಳೆದೆವು. ಒಳ್ಳೆಯ ದೆವ್ವದ ಚಿತ್ರ ಆಗುವುದೂ ಇದೆ. 2018ರ "ತುಂಬಾಡ" ನೋಡಿ. ಅದೂ ಕೊಂಕಣದ ಒಂದು ಊರಿನ ಹೆಸರು ಹೊತ್ತ ಚಿತ್ರ, ಅದರಲ್ಲೂ ಹಳೆಯ ವಾಡೆ ಇದೆ, ಗುಪ್ತಧನ ಇದೆ. ಆದರೆ ಅದರಲ್ಲಿ ಮನುಷ್ಯನನ್ನು ತಿನ್ನುವುದು ಮನುಷ್ಯನ ಆಸೆಯೇ ಎಂದು ಸಣ್ಣ ಹುಡುಗನಿಗೂ ತಿಳಿಯುತ್ತದೆ. ಮೊದಲ ಸಲ ಜನ ಅಷ್ಟಾಗಿ ನೋಡಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಮೊದಲಿಗಿಂತ ಹೆಚ್ಚು ಗಳಿಸಿತು. ಅಂದರೆ ಜನ ದಡ್ಡರಲ್ಲ. ಒಳ್ಳೆಯದು ಸಿಕ್ಕರೆ ತಡವಾದರೂ ನೋಡುತ್ತಾರೆ.

ತಪ್ಪು ಇರುವುದು ಎರಡು ಕಡೆ. ಒಂದು, ಕಟ್ಟಿದ ಕತೆಗೆ "ಸತ್ಯ ಘಟನೆ" ಎಂಬ ಚೀಟಿ ಅಂಟಿಸುವುದು. ಎರಡು, ಇನ್ನೂ ಜನ ವಾಸಿಸುವ, ಮಾರಬೇಕಾದ, ಮದುವೆ ಮುಂಜಿ ಆಗಬೇಕಾದ ಮನೆಗೆ ದೆವ್ವದ ಹೆಸರು ಇಡುವುದು. ಥಿಯೇಟರಿಗೆ ಬರುವ ಚಿತ್ರವನ್ನು ಸೆನ್ಸಾರ್ ಮಂಡಳಿ ನೋಡುತ್ತದೆ. ಮೊಬೈಲಿನಲ್ಲಿ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದನ್ನು ಮೊದಲೇ ನೋಡುವವರು ಯಾರೂ ಇಲ್ಲ. ಆದ್ದರಿಂದ ನೋಡಬೇಕಾದವರು ನಾವೇ. ಶೂಟಿಂಗಿಗೆ ಮನೆ ಕೇಳಲು ಬಂದರೆ ಕೊಡಿ, ಹುಡುಗರ ಹುರುಪು ಕೆಡಿಸಬೇಡಿ. ಆದರೆ ಒಂದು ಕಾಗದದ ಮೇಲೆ ಬರೆಸಿಕೊಳ್ಳಿ: ಊರ ಹೆಸರು, ಮನೆತನದ ಹೆಸರು ತೋರಿಸುವಂತಿಲ್ಲ, ಸತ್ಯ ಘಟನೆ ಎನ್ನುವಂತಿಲ್ಲ, ಇದು ಕಲ್ಪಿತ ಕತೆ ಎಂದು ಚಿತ್ರದ ಮೊದಲಲ್ಲೇ ಹಾಕಬೇಕು. ಗ್ರಾಮ ಪಂಚಾಯತಿಯವರೂ ಇಷ್ಟು ಹೇಳಿದರೆ ಹುಡುಗರು ಕೇಳುತ್ತಾರೆ.

ಬಾವಿಯ ಮಾತು

ಕೊನೆಗೆ ಆ ವಾಡೆಗೆ ಬರೋಣ. ಅಂದು ಹಿರಿಯರ ಜೊತೆ ಹಿತ್ತಲಿನ ತನಕ ಹೋದೆ. ಹುಡುಗರ ಚಿತ್ರದಲ್ಲಿ ಬಿಳಿ ಸೀರೆಯವಳು ಮೇಲೆ ಬರುವುದು ಇದೇ ಬಾವಿಯಿಂದ. "ಈ ಬಾವಿನಾ ಯಾಕ ತೋರಿಸಿದ್ರು?" ಎಂದು ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಊರಾಗ ಯಾರೋ ಹೇಳಿರಬೇಕ್ರಿ. ನಮ್ಮ ದೊಡ್ಡಣ್ಣನ ಹೆಂಡತಿ, ನಮ್ಮ ವೈನಿ, ಇದರಾಗ ಸಿಕ್ಕಿದ್ಲು. ಮದುವ್ಯಾಗಿ ಎರಡು ವರ್ಷ ಆಗಿತ್ತು. ಕಾಲು ಜಾರಿ ಬಿದ್ಲು ಅಂದ್ರು. ಅಲ್ಲಿಂದ ಬಾವ್ಯಾಗ ದೆವ್ವ ಐತಿ ಅಂತ ಸುರು ಆತು. ನಾನೂ ಸಣ್ಣಾಂವ ಇದ್ದೆ, ನಾನೂ ಹೆದರಿದೆ."

ಯಾವ ವರ್ಷ ಎಂದು ಕೇಳಿದೆ.

"ಬಹಾತ್ತರ ಸಾಲು. ದೊಡ್ಡ ಬರ ಬಿತ್ತಲ್ರಿ, ಆ ವರ್ಷ."

1972ರ ಬರ! ನಮ್ಮ ಕಡೆ ಅದನ್ನು ಕಂಡವರು ಇನ್ನೂ ಇದ್ದಾರೆ. ಕೆರೆ ಬಾವಿ ಬತ್ತಿ, ಜನ ಕಲ್ಲು ಒಡೆದು ಕಾಳು ತಂದ ವರ್ಷ. ನಾನು ಬಾವಿಯ ಮೆಟ್ಟಿಲು ನೋಡಿದೆ. ಅಗಲವಾದ ಮೆಟ್ಟಿಲು, ಕೆಳಗಿನ ತನಕ. ಹಿರಿಯರು ನನ್ನ ಮುಖ ನೋಡಿದರು.

"ಹೌದ್ರಿ ಸರ. ಆ ವರ್ಷ ಇದರಾಗ ಮೊಣಕಾಲ ಮಟ ನೀರಿದ್ದಿಲ್ಲ. ದೆವ್ವ ಆಗ್ಯಾಳೇನು ಅಂತ ಊರೆಲ್ಲ ಕೇಳಿತು. ಹೆಂಗ ಸತ್ಲು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬರೀರಿ, ಊರ ಹೆಸರು ಮಾತ್ರ ಹಾಕಬ್ಯಾಡ್ರಿ. ಆಕಿ ತವರು ಮನಿ ಮಂದಿ ಇನ್ನೂ ಅದಾರ."

ಐವತ್ತು ವರ್ಷ ಕಳೆದವು. ಸಾಕ್ಷಿ ಹೇಳಬೇಕಾದವರು ಹೋದರು. ನಾಗವಲ್ಲಿ ಎಂಬ ಹೆಸರು ಈಗ ಆ ಮನೆಗೆ ಅಂಟಿಕೊಂಡಿದೆ. ಆ ಹೆಣ್ಣುಮಗಳ ನಿಜವಾದ ಹೆಸರು ಏನು ಎಂದು ಆ ಚಿತ್ರ ನೋಡಿದ ಒಬ್ಬರಿಗೂ ಗೊತ್ತಿಲ್ಲ. ಮುಂದೆ ನಿಮ್ಮ ಮೊಬೈಲಿಗೆ ಯಾರಾದರೂ ದೆವ್ವದ ಮನೆಯ ವಿಡಿಯೋ ಕಳಿಸಿದರೆ, ಮುಂದಿನವರಿಗೆ ಕಳಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಆ ಮನೆಯಲ್ಲಿ ಸತ್ತವರು ಯಾರು, ಹೇಗೆ ಸತ್ತರು?